ಬಾಳನ್ನು ದೇವರ ಕೈಗೆ ಒಪ್ಪಿಸುವುದು ಹೇಗೆ: ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ಕರ್ತನ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿದ ವಯಸ್ಸಿನಿಂದಲೂ ನಾವು "ನಿನ್ನ ಚಿತ್ತ ನೆರವೇರಲಿ" ಎಂದು ಹೇಳುತ್ತಾ ಬಂದಿದ್ದೇವೆ. ನನ್ನ ಮಗಳು ವೈದ್ಯಕೀಯ ಸೀಟಿಗಾಗಿ ಪರೀಕ್ಷೆ ಬರೆದ ವರ್ಷ, ಪ್ರತಿ ಶುಕ್ರವಾರದ ಉಪವಾಸ ಕೂಟದಲ್ಲಿ ನಾನು ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದೆ. ಆದರೆ ದೇವರ ಚಿತ್ತ ಏನಾಗಿರಬೇಕೆಂಬುದನ್ನು ಮನಸ್ಸಿನೊಳಗೆ ನಾನೇ ತೀರ್ಮಾನಿಸಿಯಾಗಿತ್ತು. ಸೀಟು ಸಿಗಲಿಲ್ಲ. ಆಮೇಲೆ ಎಷ್ಟೋ ತಿಂಗಳು ಪ್ರಾರ್ಥನೆಗೆ ಕುಳಿತರೂ ಮಾತು ಹೊರಡುತ್ತಿರಲಿಲ್ಲ. ಅಷ್ಟು ದಿನ ನಾನು ಮಾಡಿದ್ದು ಸಮರ್ಪಣೆಯಲ್ಲ, ನನ್ನ ಯೋಜನೆಗೆ ದೇವರ ಸಹಿ ಹಾಕಿಸಿಕೊಳ್ಳುವ ಪ್ರಯತ್ನ ಎಂಬುದು ಆ ಮೌನದಲ್ಲಿ ನಿಧಾನವಾಗಿ ತಿಳಿಯಿತು.

ಅಂದಿನಿಂದ ಕಲಿತದ್ದನ್ನು, ಸಭೆಯ ಹಿರಿಯರಿಂದಲೂ ಸತ್ಯವೇದದಿಂದಲೂ ಪಡೆದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. "ನನ್ನ ಸರ್ವಸ್ವವೂ ನಿನ್ನದೇ" ಎಂಬ ಮಾತು ಹಾಡಿನಲ್ಲಿ ಸುಲಭವಾಗಿ ಬರುತ್ತದೆ. ಬದುಕಿನಲ್ಲಿ ಮಾತ್ರ ಒಂದೊಂದೇ ವಿಷಯವನ್ನು, ಅದರ ಹೆಸರು ಹಿಡಿದು ಒಪ್ಪಿಸಬೇಕಾಗುತ್ತದೆ, ಒಪ್ಪಿಸಿದ ಮೇಲೆ ಎದ್ದು ನಮ್ಮ ಪಾಲಿನ ಕೆಲಸವನ್ನು ಮಾಡಬೇಕಾಗುತ್ತದೆ. ಕೆಳಗಿನ ಹಂತಗಳೆಲ್ಲವೂ ಈ ಎರಡರ ಸುತ್ತಲೇ ಇವೆ.

ಆರಂಭಕ್ಕೆ ಮುನ್ನ: ಹಣೆಬರಹ ಬೇರೆ, ದೇವರ ಚಿತ್ತ ಬೇರೆ

ನಮ್ಮ ಮನೆಗಳಲ್ಲಿ ಸಾವು, ಸೋಲು, ನಷ್ಟ ಬಂದಾಗ "ಹಣೆಯಲ್ಲಿ ಬರೆದದ್ದು" ಎಂದು ನಿಟ್ಟುಸಿರುಬಿಟ್ಟು ಸುಮ್ಮನಾಗುವ ರೂಢಿಯಿದೆ. ಕ್ರೈಸ್ತ ಕುಟುಂಬಗಳಲ್ಲಿ ಅದೇ ನಿಟ್ಟುಸಿರಿಗೆ "ದೇವರ ಚಿತ್ತ" ಎಂಬ ಹೆಸರು ಕೊಟ್ಟಿರುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಇವೆರಡೂ ಒಂದೇ ಅಲ್ಲ. ಹಣೆಬರಹದೊಡನೆ ಯಾರೂ ಮಾತನಾಡಲಾರರು. ಅದಕ್ಕೆ ಕಿವಿಯಿಲ್ಲ, ಕರುಳಿಲ್ಲ. ಯೇಸು ಸ್ವಾಮಿ "ಅಪ್ಪಾ" ಎಂದು ಕರೆದ ದೇವರೊಡನೆ ಮಾತನಾಡಬಹುದು, ಅಳಬಹುದು, ಬೇಡಬಹುದು, ವಾದವನ್ನೂ ಮಾಡಬಹುದು. ಆದ್ದರಿಂದ ಸಮರ್ಪಣೆಯೆಂದರೆ ಆಸೆಗಳನ್ನು ಕೊಂದುಕೊಂಡು ಕೈಚೆಲ್ಲಿ ಕೂರುವುದು ಎಂಬ ಭಾವನೆಯಿದ್ದರೆ, ಅದನ್ನು ಇಲ್ಲಿಯೇ ಬಿಟ್ಟು ಮುಂದುವರಿಯಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲ ಹಂತ: ಯಾರ ಕೈಗೆ ಒಪ್ಪಿಸುತ್ತಿದ್ದೀರೆಂದು ತಿಳಿದುಕೊಳ್ಳಿ

ಗುರುತಿಲ್ಲದವರ ಕೈಗೆ ಮನೆಯ ಬೀಗದ ಕೈಯನ್ನು ಯಾರೂ ಕೊಡುವುದಿಲ್ಲ. ಬಿಡಲಾಗುತ್ತಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುವ ಅನೇಕರ ನಿಜವಾದ ತೊಡಕು ಹಟಮಾರಿತನವಲ್ಲ. ದೇವರು ಒಳ್ಳೆಯವನೆಂಬ ಭರವಸೆ ಅವರೊಳಗೆ ಇನ್ನೂ ನೆಲೆಗೊಂಡಿರುವುದಿಲ್ಲ.

ಸಂಸ್ಕೃತ ವಿದ್ವಾಂಸೆಯೂ ಸಮಾಜ ಸುಧಾರಕಿಯೂ ಆಗಿದ್ದ ಪಂಡಿತಾ ರಮಾಬಾಯಿಯವರ ಬದುಕು ಇದಕ್ಕೆ ನಮಗೆ ಹತ್ತಿರದ ಉದಾಹರಣೆ. ಅವರು ಹುಟ್ಟಿದ್ದು 1858ರಲ್ಲಿ, ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಲು ಹೆದರದವರು. ಬರಗಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಕ್ರೈಸ್ತ ಧರ್ಮ ತಮಗೆ ದೊರೆತಿತ್ತು, ಕ್ರಿಸ್ತನು ದೊರೆತಿರಲಿಲ್ಲ ಎಂಬುದು ಅದಾಗಿ ಸುಮಾರು 8 ವರ್ಷಗಳ ಮೇಲೆ ಅರಿವಾಯಿತೆಂದು ಅವರು ತಮ್ಮ ಸಾಕ್ಷಿಯಲ್ಲಿ ಹೇಳಿಕೊಂಡಿದ್ದಾರೆ. ಅಷ್ಟು ಓದಿದ, ಅಷ್ಟು ಪ್ರಾಮಾಣಿಕರಾದ ಒಬ್ಬರಿಗೇ 8 ವರ್ಷ ಹಿಡಿಯಿತು ಎಂಬುದು ನನಗೆ ದೊಡ್ಡ ಸಮಾಧಾನ ಕೊಟ್ಟಿದೆ.

ಆದುದರಿಂದ ಮೊದಲ ಕೆಲವು ವಾರ ಏನನ್ನೂ ಒಪ್ಪಿಸಲು ಹೋಗಬೇಡಿ. ಲೂಕನ ಸುವಾರ್ತೆಯನ್ನು ದಿನಕ್ಕೆ ಒಂದು ಅಧ್ಯಾಯದಂತೆ, 24 ದಿನಗಳಲ್ಲಿ ಓದಿ ಮುಗಿಸಿ. ಓದುವಾಗ ಒಂದೇ ಪ್ರಶ್ನೆಯನ್ನು ಇಟ್ಟುಕೊಳ್ಳಿ: ತನ್ನ ಬಳಿಗೆ ಬಂದವರನ್ನು ಯೇಸು ಹೇಗೆ ನಡೆಸಿಕೊಂಡನು? ಕುಷ್ಠರೋಗಿ, ಜಕ್ಕಾಯ, ಮಗನನ್ನು ಕಳೆದುಕೊಂಡ ನಾಯಿನ್ ಊರಿನ ವಿಧವೆ, ಪಕ್ಕದ ಶಿಲುಬೆಯ ಮೇಲಿದ್ದ ಅಪರಾಧಿ, ಇವರಲ್ಲಿ ಯಾರನ್ನು ಆತನು ಬರಿಗೈಯಲ್ಲಿ ಕಳುಹಿಸಿದನು? ನೀವು ಒಪ್ಪಿಸಬೇಕಾಗಿರುವುದು ಇದೇ ಕೈಗೆ.

ಎರಡನೆಯ ಹಂತ: ಬಿಗಿಯಾಗಿ ಹಿಡಿದಿರುವುದನ್ನು ಹೆಸರಿಸಿ

ಒಂದು ನೋಟ್‌ಬುಕ್ ತೆಗೆದುಕೊಂಡು, ಮನೆಯವರೆಲ್ಲ ಮಲಗಿದ ಮೇಲೆ ಅರ್ಧ ಗಂಟೆ ಕುಳಿತು ಬರೆಯಿರಿ. ಯಾವುದು ಕೈತಪ್ಪಿದರೆ ದೇವರ ಮೇಲೆ ಮುನಿಸಿಕೊಳ್ಳುತ್ತೀರಿ? ರಾತ್ರಿ ಎಚ್ಚರವಾದಾಗ ಮನಸ್ಸು ಮೊದಲು ಎಲ್ಲಿಗೆ ಓಡುತ್ತದೆ? ಯಾರ ವಿಷಯದಲ್ಲಿ ಸಲಹೆ ಕೊಡದೆ ಇರಲು ನಿಮ್ಮಿಂದ ಆಗುವುದಿಲ್ಲ? ಹೆಚ್ಚಿನವರ ಪಟ್ಟಿಯಲ್ಲಿ ಮಕ್ಕಳ ಮದುವೆ, ಸಾಲ, ಕೆಲಸದ ಭದ್ರತೆ, ಆರೋಗ್ಯ, ಒಡಹುಟ್ಟಿದವರೊಡನೆ ಆಸ್ತಿಯ ವ್ಯಾಜ್ಯ ಮೊದಲಾದವು ಇರುತ್ತವೆ. ಸಭೆಯಲ್ಲಿನ ಹೆಸರು, "ನಾಲ್ಕು ಜನ ಏನೆಂದಾರು" ಎಂಬ ಅಳುಕು ಇವುಗಳನ್ನು ಬರೆಯಲು ಮಾತ್ರ ಕೈ ಹಿಂಜರಿಯುತ್ತದೆ. ಹಿಂಜರಿದದ್ದನ್ನೇ ಮೊದಲು ಬರೆಯಿರಿ.

"ನನ್ನ ಭವಿಷ್ಯ", "ನನ್ನ ಕುಟುಂಬ" ಎಂದು ಬರೆದರೆ ಸಾಲದು. "ಅಣ್ಣನೊಡನೆ ಇರುವ ಜಮೀನಿನ ಕೇಸು ನನ್ನ ಪರವಾಗಿಯೇ ಆಗಬೇಕೆಂಬ ಹಟ" ಎಂದು ಬರೆಯಬೇಕು. ಹೆಸರಿಲ್ಲದ ಹೊರೆಯನ್ನು ಇಳಿಸಲು ಹೋದರೆ ಎಲ್ಲಿ ಕೈಹಾಕಬೇಕೆಂದೇ ತಿಳಿಯುವುದಿಲ್ಲ. ಕೀರ್ತನೆ 37:5ರಲ್ಲಿ ನಮ್ಮ ಕನ್ನಡ ಸತ್ಯವೇದ "ವಹಿಸಿಬಿಡು" ಎನ್ನುವ ಕಡೆ ಮೂಲ ಹೀಬ್ರೂ ಪದದ ಅರ್ಥ "ಉರುಳಿಸು" ಎಂದು. ಹೊರಲಾರದ ಬಂಡೆಯನ್ನು ಎತ್ತಿ ಕೊಡುವುದು ಸಾಧ್ಯವಿಲ್ಲ, ಆತನ ಕಡೆಗೆ ಉರುಳಿಸಬಹುದು. ಉರುಳಿಸಲಾದರೂ ಅದರ ಮೇಲೆ ಕೈಯಿಡಲೇಬೇಕು.

ಮೂರನೆಯ ಹಂತ: ಮೊದಲು ಕೇಳಿ, ಆಮೇಲೆ ಬಿಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಓದಲು ನಿಮಗೆ ಸಮಯವಿದ್ದರೆ ಇದನ್ನೇ ಓದಿ. ಸಮರ್ಪಣೆ ಮಾಡುವವನು ತನ್ನ ಬಯಕೆಯನ್ನು ಬಾಯಿಬಿಟ್ಟು ಹೇಳಬಾರದು ಎಂದು ತಿಳಿದವರು ಗೆತ್ಸೇಮನೆಯನ್ನು ಸರಿಯಾಗಿ ನೋಡಿಲ್ಲ.

ಗೆತ್ಸೇಮನೆಯೆಂದರೆ ಎಣ್ಣೆಯ ಗಾಣ. ಯೆರೂಸಲೇಮಿನ ಪೂರ್ವಕ್ಕೆ, ಕಿದ್ರೋನ್ ಹಳ್ಳದ ಆಚೆ, ಎಣ್ಣೇಮರಗಳ ಗುಡ್ಡದ ಬುಡದಲ್ಲಿರುವ ಆ ತೋಟದಲ್ಲಿ, ತನ್ನನ್ನು ಹಿಡಿಯಲು ಬರುವವರನ್ನು ಎದುರುನೋಡುತ್ತಾ ಯೇಸು ಬೋರಲು ಬಿದ್ದು ಪ್ರಾರ್ಥಿಸಿದನು. ಮೊದಲು ಕೇಳಿಕೊಂಡದ್ದು ಏನನ್ನು? ಈ ಪಾತ್ರೆ, ಅಂದರೆ ಮುಂದಿರುವ ಯಾತನೆ, ತನ್ನನ್ನು ಬಿಟ್ಟುಹೋಗಲಿ ಎಂಬುದನ್ನೇ. ದೇವಕುಮಾರನು ತನ್ನ ಮನಸ್ಸಿನಲ್ಲಿದ್ದದ್ದನ್ನು ತಂದೆಯಿಂದ ಮುಚ್ಚಿಡಲಿಲ್ಲ. ಕೇಳಿಕೊಂಡ ಮೇಲೆ "ನನ್ನ ಚಿತ್ತವಲ್ಲ, ನಿನ್ನ ಚಿತ್ತ" ಎಂದನು.

ಮತ್ತಾಯನ 26ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಇನ್ನೊಂದು ವಿಷಯ ಕಾಣುತ್ತದೆ. 39ನೆಯ ವಚನದ ಪ್ರಾರ್ಥನೆ "ಸಾಧ್ಯವಾದರೆ ಈ ಪಾತ್ರೆ ತೊಲಗಲಿ" ಎಂಬ ಕಡೆಗೆ ವಾಲುತ್ತದೆ. 42ನೆಯ ವಚನಕ್ಕೆ ಬರುವಾಗ ಮಾತು "ನಾನು ಕುಡಿದ ಹೊರತು ಇದು ತೊಲಗುವುದಿಲ್ಲವಾದರೆ ನಿನ್ನ ಚಿತ್ತವೇ ಆಗಲಿ" ಎಂಬ ಕಡೆಗೆ ಬಂದಿದೆ. 44ನೆಯ ವಚನದಲ್ಲಿ ಆತನು ಮೂರನೆಯ ಸಾರಿ ಅದೇ ಮಾತುಗಳನ್ನು ಹೇಳುತ್ತಾನೆ. ಆತನಿಗೇ ಮೂರು ಸಾರಿ ಪ್ರಾರ್ಥಿಸಬೇಕಾದ ಮೇಲೆ, ಒಂದು ಕೂಟದಲ್ಲಿ ಮೊಣಕಾಲೂರಿ ಎದ್ದ ತಕ್ಷಣ ಎಲ್ಲವೂ ಹಗುರಾಗಲಿಲ್ಲವಲ್ಲ ಎಂದು ನಾವು ಕೊರಗುವುದು ಸರಿಯಲ್ಲ.

ಆದ್ದರಿಂದ ಪಟ್ಟಿಯಿಂದ ಒಂದು ವಿಷಯವನ್ನು ಆರಿಸಿಕೊಂಡು, ನಿಮಗೆ ಏನು ಬೇಕೆಂಬುದನ್ನು ಮಗು ಅಪ್ಪನ ಮುಂದೆ ಹೇಳುವಂತೆ ಹೇಳಿ. ಗ್ರಾಂಥಿಕ ಮಾತುಗಳು ಬೇಡ, ಮನೆಯಲ್ಲಿ ಆಡುವ ಭಾಷೆಯಲ್ಲಿಯೇ ಹೇಳಿ. ತುಳು, ಕೊಂಕಣಿ, ತಮಿಳು ಮನೆಮಾತಾಗಿದ್ದರೆ ಅದರಲ್ಲಿ ಹೇಳಿ. ಸಿಟ್ಟಿದ್ದರೆ ಅದನ್ನೂ ಹೇಳಿ. ಮಕ್ಕಳಿಲ್ಲದ ಹನ್ನಳು ಮಗನಿಗಾಗಿ ಶೀಲೋವಿನ ದೇವಾಲಯದಲ್ಲಿ ಎಷ್ಟು ಎದೆಯೊಡೆದು ಪ್ರಾರ್ಥಿಸಿದಳೆಂದರೆ, ಯಾಜಕನಾದ ಏಲಿ ಅವಳು ಕುಡಿದಿದ್ದಾಳೆಂದು ತಿಳಿದನು. ಅವಳು ಎದ್ದು ಹೋಗಿ ಊಟ ಮಾಡಿದಳು, ಅವಳ ಮುಖದಲ್ಲಿ ಆಮೇಲೆ ದುಃಖ ಉಳಿಯಲಿಲ್ಲ ಎಂದು 1 ಸಮುವೇಲ 1:18 ಹೇಳುತ್ತದೆ. ಅವಳ ಮಗ ಸಮುವೇಲನು ಹುಟ್ಟಿದ್ದು ಅದಾದ ಮೇಲೆ. ಅವಳು ಊಟಕ್ಕೆ ಕುಳಿತಾಗ ಹೊರಗಿನ ಪರಿಸ್ಥಿತಿಯಲ್ಲಿ ಎಳ್ಳಷ್ಟೂ ಬದಲಾವಣೆಯಾಗಿರಲಿಲ್ಲ.

ನಾಲ್ಕನೆಯ ಹಂತ: ಒಪ್ಪಿಸುವ ಕ್ಷಣಕ್ಕೆ ಒಂದು ರೂಪ ಕೊಡಿ

ಅಶ್ಶೂರದ ಅರಸನಿಂದ ಬೆದರಿಕೆಯ ಪತ್ರ ಬಂದಾಗ ಯೆಹೂದದ ಅರಸನಾದ ಹಿಜ್ಕೀಯನು ಅದನ್ನು ಓದಿ, ದೇವಾಲಯಕ್ಕೆ ಹೋಗಿ, ಯೆಹೋವನ ಮುಂದೆ ಹರಡಿಟ್ಟನು (2 ಅರಸುಗಳು 19:14). ಮನಸ್ಸಿನಲ್ಲಿಯೇ ಪ್ರಾರ್ಥಿಸಬಹುದಾಗಿದ್ದರೂ ಕೈಯಲ್ಲಿದ್ದ ಕಾಗದವನ್ನು ಹರಡಿದನು. ನೀವೂ ಹಾಗೆಯೇ ಮಾಡಿ. ವೈದ್ಯರ ರಿಪೋರ್ಟು, ಬ್ಯಾಂಕಿನ ನೋಟಿಸು, ವರ್ಗಾವಣೆಯ ಆದೇಶ, ಏನಿದೆಯೋ ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, ಅಂಗೈಗಳನ್ನು ಮೇಲ್ಮುಖವಾಗಿ ತೆರೆದು ಪ್ರಾರ್ಥಿಸಿ. ದೇಹ ಮಾಡಿದ್ದನ್ನು ಮನಸ್ಸು ನೆನಪಿಟ್ಟುಕೊಳ್ಳುತ್ತದೆ. ಆ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಆ ವಿಷಯದ ಪಕ್ಕದಲ್ಲಿ ಬರೆದಿಡಿ.

ಮಾತು ಹೊರಡದ ದಿನಗಳಲ್ಲಿ ಸಭೆಯ ಹಳೆಯ ಪ್ರಾರ್ಥನೆಗಳು ಕೈಹಿಡಿಯುತ್ತವೆ. ಮೆಥಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿ 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸುಮಾರು 1,800 ಜನರೊಂದಿಗೆ, ತಮ್ಮನ್ನು ದೇವರಿಗೆ ಹೊಸದಾಗಿ ಒಪ್ಪಿಸಿಕೊಳ್ಳುವ ಒಡಂಬಡಿಕೆಯ ಆರಾಧನೆಯನ್ನು ನಡೆಸಿದರು. ಮೆಥಡಿಸ್ಟರಲ್ಲಿ ಬೆಳೆದ ಆ ವಾಡಿಕೆ, 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಮೇಲೆ ನಮ್ಮ ಸಿ.ಎಸ್.ಐ. ಸಭೆಗಳ ಹೊಸ ವರ್ಷದ ಆರಾಧನೆಗೂ ಬಂದಿದೆ. ನನ್ನನ್ನು ನಿನಗೆ ಇಷ್ಟವಾದ ಕೆಲಸಕ್ಕೆ ಹಚ್ಚು, ನಿನಗೆ ಇಷ್ಟವಾದವರ ಜೊತೆಗೆ ಸೇರಿಸು, ನಿನಗಾಗಿ ಕೆಲಸಕ್ಕೆ ಬಂದರೂ ಸರಿ, ನಿನಗಾಗಿ ಬದಿಗೆ ಇಡಲ್ಪಟ್ಟರೂ ಸರಿ ಎಂಬುದು ಅದರ ಸಾರ. ನಿವೃತ್ತರಾದವರು, ಹಾಸಿಗೆ ಹಿಡಿದವರು ಆ "ಬದಿಗೆ ಇಡಲ್ಪಟ್ಟರೂ ಸರಿ" ಎಂಬ ಭಾಗವನ್ನು ಹೇಳುವಾಗ ಸ್ವರ ನಡುಗುವುದನ್ನು ಕೇಳಿದ್ದೇನೆ.

ಕಥೋಲಿಕರಿಗೆ ಯೇಸುಸಭೆಯ (ಜೆಸ್ವಿಟರ) ಸ್ಥಾಪಕ ಇಗ್ನೇಷಿಯಸ್ ಲೊಯೋಲರ ಅರ್ಪಣೆಯ ಪ್ರಾರ್ಥನೆ ಪರಿಚಿತ. 1521ರ ಮೇ ತಿಂಗಳಲ್ಲಿ ಪಾಂಪ್ಲೋನದ ಯುದ್ಧದಲ್ಲಿ ಫಿರಂಗಿಗುಂಡು ತಗಲಿ ಕಾಲು ಮುರಿದು ಮಲಗಿದ ಆ ಸೈನಿಕ, ಮುಂದೆ ತನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಚಿತ್ತ ಇವೆಲ್ಲವನ್ನೂ ಸ್ವೀಕರಿಸೆಂದು ದೇವರನ್ನು ಬೇಡಿ, ನಿನ್ನ ಪ್ರೀತಿಯೂ ಕೃಪೆಯೂ ನನಗೆ ಸಾಕು ಎಂದು ಮುಗಿಸುತ್ತಾರೆ. ನೆನಪನ್ನೂ ಒಪ್ಪಿಸಬೇಕೆಂಬುದನ್ನು ಗಮನಿಸಿ. ಹಳೆಯ ಅವಮಾನವೊಂದನ್ನು ಮತ್ತೆ ಮತ್ತೆ ಮೆಲುಕುಹಾಕುವ ಹಕ್ಕನ್ನು ಬಿಟ್ಟುಕೊಡುವುದು, ಹಣವನ್ನು ಬಿಟ್ಟುಕೊಡುವುದಕ್ಕಿಂತ ಕಠಿಣ.

ಐದನೆಯ ಹಂತ: ಎದ್ದು ನಿಮ್ಮ ಪಾಲಿನ ಕೆಲಸ ಮಾಡಿ

ಗೆತ್ಸೇಮನೆಯ ಪ್ರಾರ್ಥನೆ ಮುಗಿದ ಮೇಲೆ ಯೇಸು ಶಿಷ್ಯರಿಗೆ "ಏಳಿರಿ, ಹೋಗೋಣ" ಎಂದನು. ಒಪ್ಪಿಸಿದವನು ಅಲ್ಲಿಯೇ ಕುಳಿತಿರಲಿಲ್ಲ.

ನೋಟ್‌ಬುಕ್ಕಿನ ಒಂದು ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ, ಈ ವಿಷಯದಲ್ಲಿ ನಾನು ಮಾಡಬೇಕಾದದ್ದು. ಬಲಗಡೆ, ನನ್ನ ಕೈಯಲ್ಲಿ ಇಲ್ಲದ್ದು. ಕೆಲಸ ಹುಡುಕುತ್ತಿರುವವರಿಗೆ ಅರ್ಜಿ ಹಾಕುವುದು, ಸಂದರ್ಶನಕ್ಕೆ ಸಿದ್ಧರಾಗುವುದು, ಪರಿಚಿತರನ್ನು ಕೇಳುವುದು ಎಡಗಡೆಗೆ ಸೇರುತ್ತವೆ, ಆಯ್ಕೆಯಾಗುವುದು ಬಲಗಡೆಗೆ. ರೋಗಿಗೆ ಔಷಧಿ, ಪಥ್ಯ, ತಪಾಸಣೆ ಎಡಗಡೆಗೆ, ಗುಣವಾಗುವುದು ಬಲಗಡೆಗೆ. ದೇವರಿಗೆ ಒಪ್ಪಿಸಿದ್ದೇವೆ ಎಂದು ಮಾತ್ರೆ ನಿಲ್ಲಿಸುವುದು ಭಕ್ತಿಯಲ್ಲ, ಎಡಗಡೆಯ ಕೆಲಸವನ್ನು ಬಲಗಡೆಗೆ ತಳ್ಳುವುದು. ಸಕ್ಕರೆ ಕಾಯಿಲೆ, ಮೂರ್ಛೆರೋಗ, ಖಿನ್ನತೆ ಇರುವವರು ಈ ಮಾತನ್ನು ದಯವಿಟ್ಟು ಎರಡು ಸಾರಿ ಓದಬೇಕು. ನಮ್ಮಲ್ಲಿ ಹೆಚ್ಚಿನವರ ತಪ್ಪು ಇದರ ತಿರುಗುಮುರುಗು: ಎಡಗಡೆಯದನ್ನು ಮಾಡಿ ಮುಗಿಸಿದ ಮೇಲೂ ಬಲಗಡೆಯದನ್ನು ರಾತ್ರಿಯೆಲ್ಲ ತಲೆಯಲ್ಲಿ ಹೊತ್ತು ತಿರುಗುತ್ತೇವೆ.

ದಾರಿ ಪೂರ್ತಿ ಕಾಣುವವರೆಗೆ ಕಾಯಬೇಕಾಗಿಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲನು ಆಸ್ಯ ಸೀಮೆಗೆ ಹೋಗದಂತೆ ತಡೆಯಲ್ಪಟ್ಟನು, ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದಾಗಲೂ ಬಾಗಿಲು ಮುಚ್ಚಿತು, ತ್ರೋವಕ್ಕೆ ಬಂದ ಮೇಲೆ ಮಕೆದೋನ್ಯದ ಕರೆ ಬಂತು. ನಡೆಯುತ್ತಿದ್ದವನನ್ನು ದೇವರು ತಿರುಗಿಸಿದನು.

ಆರನೆಯ ಹಂತ: ನಿರ್ಧಾರ ಮಾಡಬೇಕಾದಾಗ

ಎರಡು ದಾರಿಗಳೂ ತಪ್ಪಲ್ಲದಿದ್ದಾಗ ದೇವರ ಚಿತ್ತ ಯಾವುದೆಂದು ಹೇಗೆ ತಿಳಿಯುವುದು? ಕಣ್ಣುಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಚನವನ್ನು ಉತ್ತರವೆಂದುಕೊಳ್ಳುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಇಗ್ನೇಷಿಯಸ್ ಕೊಟ್ಟ ಎರಡು ಸಲಹೆಗಳು ನನಗೆ ಬಹಳ ಉಪಯೋಗಕ್ಕೆ ಬಂದಿವೆ. ಎಂದೂ ಕಂಡಿರದ ಒಬ್ಬ ವ್ಯಕ್ತಿ ಇದೇ ಸಂದಿಗ್ಧದಲ್ಲಿದ್ದರೆ, ಅವನ ಹಿತವನ್ನೇ ಬಯಸಿ ಏನು ಹೇಳುತ್ತಿದ್ದೆ ಎಂದು ಯೋಚಿಸುವುದು ಒಂದು. ಮನಸ್ಸು ಕತ್ತಲೆಗವಿದು, ಪ್ರಾರ್ಥನೆ ಒಣಗಿಹೋದ ಹೊತ್ತಿನಲ್ಲಿ, ಹಿಂದೆ ಬೆಳಕಿನಲ್ಲಿ ಮಾಡಿದ ತೀರ್ಮಾನವನ್ನು ಬದಲಾಯಿಸದೆ ಇರುವುದು ಇನ್ನೊಂದು. ಇವುಗಳ ಜೊತೆಗೆ, ನಿಮ್ಮ ಉತ್ತರದಿಂದ ಯಾವ ಲಾಭವೂ ಇಲ್ಲದ, ನಿಮಗೆ "ಬೇಡ" ಎನ್ನಲು ಹೆದರದ ಒಬ್ಬ ವಿಶ್ವಾಸಿಯ ಮಾತನ್ನು ಕೇಳಿ. ಅಷ್ಟರ ಮೇಲೆ ಯಾಕೋಬನು ಹೇಳಿದಂತೆ "ಕರ್ತನ ಚಿತ್ತವಿದ್ದರೆ" ಎಂದು ಮುಂದುವರಿಯಿರಿ (ಯಾಕೋಬ 4:15).

ಏಳನೆಯ ಹಂತ: ಮತ್ತೆ ಕಸಿದುಕೊಂಡಾಗ

ಬೆಳಗ್ಗೆ ಒಪ್ಪಿಸಿದ್ದನ್ನು ಮಧ್ಯಾಹ್ನಕ್ಕೆ ಮರಳಿ ಕೈಗೆ ತೆಗೆದುಕೊಂಡಿರುತ್ತೀರಿ. ಇದು ಎಲ್ಲರಿಗೂ ಆಗುತ್ತದೆ, ಮೊದಲು ಒಪ್ಪಿಸಿದ್ದು ಸುಳ್ಳೆಂದು ಇದರ ಅರ್ಥವಲ್ಲ. ಶಿಲುಬೆಯನ್ನು ಹೊತ್ತು ನನ್ನ ಹಿಂದೆ ಬರಲಿ ಎಂಬ ಯೇಸುವಿನ ಮಾತನ್ನು ಮತ್ತಾಯನೂ ಮಾರ್ಕನೂ ಬರೆದಿದ್ದಾರೆ. ಲೂಕನು ಮಾತ್ರ ಅದರಲ್ಲಿ "ದಿನಾಲೂ" ಎಂಬ ಪದವನ್ನು ಉಳಿಸಿಕೊಟ್ಟಿದ್ದಾನೆ (9:23). ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನವೂ ಆಯಾ ದಿನಕ್ಕೆ ಬೇಕಾದಷ್ಟೇ ಸಿಕ್ಕಿತು. ನಾಳೆಗೆಂದು ಎತ್ತಿಟ್ಟದ್ದು ಹುಳಬಿದ್ದು ನಾರಿತು, ಸಬ್ಬತ್ತಿನ ಹಿಂದಿನ ದಿನ ಕೂಡಿಸಿದ್ದು ಮಾತ್ರ ಕೆಡಲಿಲ್ಲ.

ಇದಕ್ಕೆ ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಸಾಕು. ದಿನವನ್ನು ಬೆಳಗಿನಿಂದ ಹಿಂದಿರುಗಿ ನೋಡಿ. ಎಲ್ಲಿ ದೇವರ ಕೃಪೆ ಕಂಡಿತೋ ಅದಕ್ಕೆ ಸ್ತೋತ್ರ ಹೇಳಿ. ಎಲ್ಲಿ ಆತಂಕದಿಂದ ಹಗ್ಗ ಎಳೆದುಕೊಂಡಿರೋ ಅದನ್ನು ಒಪ್ಪಿಕೊಳ್ಳಿ. ಆ ವಿಷಯವನ್ನು ಹೆಸರಿಟ್ಟು ಮತ್ತೆ ಒಪ್ಪಿಸಿ ಮಲಗಿ. ತಮ್ಮನ್ನು ಹಳಿದುಕೊಳ್ಳುವುದರಲ್ಲಿ ಆ ಹತ್ತು ನಿಮಿಷವನ್ನು ಕಳೆಯಬೇಡಿ.

ಎಂಟನೆಯ ಹಂತ: ಉತ್ತರ "ಇಲ್ಲ" ಎಂದಾದಾಗ

ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡನು. ಶೂಲ ಹೋಗಲಿಲ್ಲ, ಕೃಪೆ ಸಾಕೆಂಬ ಮಾತು ಬಂತು (2 ಕೊರಿಂಥದವರಿಗೆ 12). ರಮಾಬಾಯಿಯವರ ಏಕೈಕ ಮಗಳು ಮನೋರಮಾ, ರಮಾಬಾಯಿ ನಿರ್ಗತಿಕ ಹೆಂಗಸರಿಗಾಗಿ ಕಟ್ಟಿದ ಕೇಡಗಾಂವಿನ ಮುಕ್ತಿ ಮಿಷನ್ನಿನ ಕೆಲಸದಲ್ಲಿ ತಾಯಿಯ ಹೆಗಲಿಗೆ ಹೆಗಲು ಕೊಟ್ಟವರು, 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ರಮಾಬಾಯಿ ಸತ್ಯವೇದದ ಮರಾಠಿ ಅನುವಾದದ ಕೆಲಸವನ್ನು ಬಿಡಲಿಲ್ಲ; 1922ರ ಏಪ್ರಿಲ್‌ನಲ್ಲಿ ಅವರೂ ತೀರಿಕೊಂಡರು. ಆ ತಾಯಿ ಅಳಲಿಲ್ಲವೆಂದು ನಾನು ನಂಬುವುದಿಲ್ಲ. ಲಾಜರನ ಸಮಾಧಿಯ ಬಳಿ ಯೇಸುವೂ ಅತ್ತನು. ಇಂಥ ಹೊತ್ತಿನಲ್ಲಿ ದುಃಖದಲ್ಲಿರುವವರಿಗೆ "ದೇವರ ಚಿತ್ತ, ಅಳಬೇಡಿ" ಎಂದು ಯಾರೂ ಹೇಳಬಾರದು. ಕೀರ್ತನೆಗಳ ಪುಸ್ತಕದಲ್ಲಿ "ಎಲ್ಲಿಯವರೆಗೆ, ಯೆಹೋವನೇ?" ಎಂದು ಕೂಗುವ ಪ್ರಾರ್ಥನೆಗಳಿಗೆ ಜಾಗವಿದೆ; 13ನೆಯ ಕೀರ್ತನೆಯನ್ನು ಅವರ ಪಕ್ಕದಲ್ಲಿ ಕುಳಿತು ಓದಿದರೆ ಸಾಕು.

ಒಂದು ಎಚ್ಚರಿಕೆ

ದೇವರಿಗೆ ಶರಣಾಗುವುದೆಂದರೆ ಮನುಷ್ಯನೊಬ್ಬನ ಹತೋಟಿಗೆ ಸಿಕ್ಕುವುದಲ್ಲ. ನಿಮ್ಮ ಸಂಬಳ, ಮದುವೆ, ಮನೆಯ ಗುಟ್ಟು ಎಲ್ಲವನ್ನೂ ತನ್ನ ಅಪ್ಪಣೆಯಂತೆಯೇ ನಡೆಸಬೇಕೆನ್ನುವ ಬೋಧಕನು ದೇವರಿಗೆ ಸೇರಬೇಕಾದದ್ದನ್ನು ತನಗೆ ಕೇಳುತ್ತಿದ್ದಾನೆ. ಹೊಡೆಯುವ ಗಂಡನ ಮನೆಯಲ್ಲಿ ತಾಳ್ಮೆಯಿಂದ ಇರುವುದೇ ಸಮರ್ಪಣೆ ಎಂದು ಹೆಣ್ಣುಮಕ್ಕಳಿಗೆ ಹೇಳುವುದೂ ದೊಡ್ಡ ಅನ್ಯಾಯ. ಪೌಲನನ್ನು ಕೊಲ್ಲಲು ದಮಸ್ಕದಲ್ಲಿ ಕಾದಿದ್ದಾಗ ಶಿಷ್ಯರು ಅವನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಪ್ರಾಣ ಉಳಿಸಿಕೊಳ್ಳಲು ಹೊರಟದ್ದು ಅವನ ವಿಶ್ವಾಸಕ್ಕೆ ಕುಂದಾಗಲಿಲ್ಲ. ಅಪಾಯದಲ್ಲಿರುವವರು ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು, ಪೊಲೀಸರ ಸಹಾಯ ಬೇಕಾದರೆ ಪಡೆಯಬೇಕು. ಅದು ಎಡಗಡೆಯ ಕೆಲಸ.

ಇಂದು ರಾತ್ರಿ ಆರಂಭಿಸುವವರಿಗೆ

ಎಲ್ಲ ಹಂತಗಳನ್ನೂ ಒಟ್ಟಿಗೆ ಹಿಡಿಯಬೇಡಿ. ಲೂಕನ ಮೊದಲ ಅಧ್ಯಾಯವನ್ನು ಓದಿ. ಅದು ಉದ್ದವಾದ ಅಧ್ಯಾಯ, 80 ವಚನಗಳಿವೆ, ಎರಡು ರಾತ್ರಿ ಹಿಡಿದರೂ ಚಿಂತೆಯಿಲ್ಲ. ಅದರಲ್ಲಿ ಮರಿಯಳು ದೇವದೂತನನ್ನು ಮೊದಲು "ಅದು ಹೇಗಾದೀತು?" ಎಂದು ಕೇಳುತ್ತಾಳೆ, ಆಮೇಲೆ "ನಿನ್ನ ಮಾತಿನಂತೆ ನನಗಾಗಲಿ" ಎನ್ನುತ್ತಾಳೆ. ಆ ಎರಡೂ ವಚನಗಳ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಸುವಾರ್ತೆಯನ್ನು ಓದಿ ಮುಗಿಸಿದ ಮೇಲೆ ನೋಟ್‌ಬುಕ್ ತೆರೆದರೆ ಸಾಕು.

ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಗಳ ಹೆಸರಿದೆ, ಪಕ್ಕದಲ್ಲಿ ದಿನಾಂಕವಿದೆ. ಅವಳು ಬೇರೆ ಓದು ಓದಿ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಆ ಹೆಸರು ಇಪ್ಪತ್ತನೆಯ ಪುಟದಲ್ಲಿಯೂ ಇದೆ, ಮೂವತ್ತೊಂದನೆಯ ಪುಟದಲ್ಲಿಯೂ ಇದೆ, ಕಳೆದ ವಾರ ಮತ್ತೊಮ್ಮೆ ಬರೆದಿದ್ದೇನೆ.